ಬೋರ್‌ವೆಲ್ ಪಾಯಿಂಟ್ ನೋಡುವ ಹಾಗೆಯೇ ಸಮುದ್ರದಡಿ ಕರಗಿದ ಕಲ್ಲನ್ನೂ ಪತ್ತೆ ಮಾಡುತ್ತಾರಾ?

ವಿರಾಜಪೇಟೆ ಹತ್ತಿರದ ನಿಮ್ಮ ಕಾಫಿ ತೋಟದಲ್ಲಿ ನಾಲ್ಕು ಸರಳು ನೆಟ್ಟು, ಕರೆಂಟ್ ಹರಿಸಿ ಬೋರ್‌ವೆಲ್ ಪಾಯಿಂಟ್ ನೋಡಿದರು ಎಂದಿದ್ದೀರಿ. ಸಮುದ್ರತಳದಿಂದ 50 ಕಿ.ಮೀ. ಕೆಳಗೆ ಕಲ್ಲು ಕರಗಿದೆ ಎಂದೂ ಹೀಗೇ ಕಂಡುಹಿಡಿಯುವುದಾದರೆ, ಕರೆಂಟೆಲ್ಲ ಮೇಲಿನ ಉಪ್ಪುನೀರಿನಲ್ಲೇ ಹರಿದುಹೋಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಹೋಗುತ್ತದೆ. ಅದಕ್ಕೇ ಅಷ್ಟು ಆಳ ನೋಡಲು ನಾವಾಗಿ ಕರೆಂಟ್ ಹರಿಸುವುದಿಲ್ಲ. ಸೂರ್ಯನಿಂದ ಬೀಸಿಬರುವ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಸದಾ ಅಲುಗಿಸುತ್ತಿರುತ್ತವೆ. ಆ ಅಲುಗಾಟವೇ ನೆಲದೊಳಗೆ ಕರೆಂಟ್ ಹುಟ್ಟಿಸುತ್ತದೆ. ಸಮುದ್ರತಳದಲ್ಲಿ ಕಾಂತಕ್ಷೇತ್ರ, ವಿದ್ಯುತ್‌ಕ್ಷೇತ್ರ ಎರಡನ್ನೂ ಒಟ್ಟಿಗೆ ಅಳೆದು, ಅವುಗಳ ಅನುಪಾತದಿಂದ ರೋಧಕತೆ, ಅಂದರೆ ಕರೆಂಟ್ ಹರಿಯಲು ಕಲ್ಲು ಎಷ್ಟು ಅಡ್ಡಿ ಮಾಡುತ್ತದೆ ಎಂಬುದನ್ನು, ತೆಗೆಯುತ್ತಾರೆ. ಕಲ್ಲು ಕರಗಿದ್ದರೆ ಅದು ಕಡಿಮೆ. ಮ್ಯಾಗ್ನೆಟೊಟೆಲ್ಯುರಿಕ್ ವಿಧಾನ ಎಂದರೆ ಇದೇ.

ಆಳದ ಲೆಕ್ಕ ಸುಲಭ: ಓಮ್-ಮೀಟರ್‌ನಲ್ಲಿ ರೋಧಕತೆ, ಸೆಕೆಂಡಿನಲ್ಲಿ ಆ ಅಲುಗಾಟದ ಒಂದು ಅಲೆಯ ಅವಧಿ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು ಅರ್ಧ ಮಾಡಿದರೆ ಸುಮಾರು ಎಷ್ಟು ಕಿ.ಮೀ. ಎಂದು ಸಿಗುತ್ತದೆ. ಸಮುದ್ರದ ನೀರಿನದು 0.3 ಓಮ್-ಮೀಟರ್. ಒಂದು ಸೆಕೆಂಡಿನ ಅಲೆ 300 ಮೀಟರ್ ಇಳಿಯುವಷ್ಟರಲ್ಲೇ ಸೊರಗುತ್ತದೆ. 1,000 ಸೆಕೆಂಡಿನದು 4 ಕಿ.ಮೀ. ನೀರು ದಾಟಿ, 100 ಓಮ್-ಮೀಟರ್ ಕಲ್ಲಿನಲ್ಲಿ 150 ಕಿ.ಮೀ. ಇಳಿಯಬಲ್ಲದು. ಅಂದರೆ ಉಪ್ಪುನೀರು ಗೋಡೆಯಲ್ಲ, ಜರಡಿ. ಇಷ್ಟು ನಿಧಾನದ ಅಲೆ ಸಾಕಷ್ಟು ಬಾರಿ ಬಂದುಹೋಗಬೇಕಲ್ಲ, ಹಾಗಾಗಿ ಉಪಕರಣವನ್ನು ತಳದಲ್ಲೇ ದಿನಗಟ್ಟಲೆ, ವಾರಗಟ್ಟಲೆ ಬಿಟ್ಟಿರುತ್ತಾರೆ.

ಅಲ್ಲಿ ಬರಿಯ ಕಬ್ಬಿಣದ ಸರಳು ನಡೆಯದು. ಉಪ್ಪುನೀರಿನಲ್ಲಿ ಲೋಹ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಅದೂ ಒಂದೇ ಸಮ ಇರುವುದಿಲ್ಲ. ತೋಟದಲ್ಲಾದರೆ ಕರೆಂಟಿನ ದಿಕ್ಕು ತಿರುಗಿಸಿ ಆ ದೋಷವನ್ನು ಕಳೆಯಬಹುದು. ನಮ್ಮದೇ ಕರೆಂಟ್ ಇಲ್ಲದ ಕಡೆ ತಿರುಗಿಸುವುದೇನನ್ನು? ಅದಕ್ಕಾಗಿ ಸುಮಾರು 10 ಮೀಟರ್ ದೂರದಲ್ಲಿ ಎರಡು ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಕೂರಿಸುತ್ತಾರೆ. ಕಾಂಕ್ರೀಟ್ ಭಾರ ಕಟ್ಟಿ ಇಳಿಸುವುದು. ಕೆಲಸ ಮುಗಿದ ಮೇಲೆ ಹಡಗಿನಿಂದ ಶಬ್ದದ ಸಂಕೇತ ಕೊಟ್ಟರೆ ಭಾರ ಕಳಚಿ, ಗಾಜಿನ ತೇಲುಗುಂಡುಗಳು ಮೇಲಕ್ಕೆ ತರುತ್ತವೆ. ತಳದ ಪ್ರವಾಹ ಉಪಕರಣವನ್ನು ಅಲುಗಿಸಿದರೆ ಕಾಂತಕ್ಷೇತ್ರದ ದಾಖಲೆ ಕೆಟ್ಟಂತೆಯೇ.

ನಿಜವಾದ ಕಷ್ಟ ಅರ್ಥ ಹಚ್ಚುವುದರಲ್ಲಿದೆ. 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣ ಆಲಿವಿನ್ (ಆ ಆಳದ ಕಲ್ಲಿನ ಮುಖ್ಯ ಖನಿಜ) ಸುಮಾರು 500 ಓಮ್-ಮೀಟರ್; ಆ ಕಲ್ಲು ಕರಗಿ ಬರುವ ಬಸಾಲ್ಟ್ ದ್ರವ ಒಂದರ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ. ಬಸಾಲ್ಟ್ ದ್ರವಕ್ಕೆ 0.5 ಹಿಡಿದು, ಒಟ್ಟು ರೀಡಿಂಗ್ 20 ಬಂತೆನ್ನಿ. ದ್ರವ ಪ್ರತಿ ಹರಳನ್ನೂ ಪೊರೆಯಂತೆ ಸುತ್ತಿದ್ದರೆ ಶೇ. 4ರಷ್ಟು ಸಾಕು, ಹರಳುಗಳ ಅಂಚಿನ ಸಣ್ಣ ನಾಳಗಳಲ್ಲಷ್ಟೇ ಇದ್ದರೆ ಶೇ. 7 ಬೇಕು, ಬಿಡಿಬಿಡಿ ಹನಿಗಳಾಗಿದ್ದರೆ ಅಷ್ಟೇ ದ್ರವವಿದ್ದರೂ ರೀಡಿಂಗ್ ಹೆಚ್ಚೇನೂ ಇಳಿಯದು. 2013ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ತೀರದಾಚೆ, ಕೋಕೋಸ್ ಎಂಬ ಭೂಫಲಕದಡಿ 45ರಿಂದ 70 ಕಿ.ಮೀ. ಆಳದಲ್ಲಿ ಕಂಡ ಕಡಿಮೆ ರೋಧಕತೆಯ ಪದರವನ್ನು ಸಂಶೋಧಕರು ಕರಗಿದ ಶಿಲೆಯೆಂದೇ ವಿವರಿಸಿದರು. ಆದರೆ ಆಲಿವಿನ್ ಹರಳಿನೊಳಗೆ ಹೈಡ್ರೋಜನ್ ಸೇರಿದರೂ ರೋಧಕತೆ ಇಳಿಯುತ್ತದೆ. ನಿಮ್ಮಲ್ಲಿ ಕಡಿಮೆ ರೀಡಿಂಗ್ ಬಂದ ಕಡೆ ಕೊರೆದರೆ ನೀರಿನ ಬದಲು ಜೇಡಿ ಸಿಕ್ಕಂತೆಯೇ ಇದು. ಭೂಕಂಪದ ಅಲೆಗಳ ವೇಗವೂ ಅದೇ ಆಳದಲ್ಲಿ ತಗ್ಗಿದ್ದರೆ ಮಾತ್ರ ನಾನು ಸ್ವಲ್ಪ ಧೈರ್ಯವಾಗಿ ಕರಗಿದ ಕಲ್ಲು ಎನ್ನುತ್ತೇನೆ.

ಅಂದಹಾಗೆ, ಮುಂದಿನ ಸಲ ಪಾಯಿಂಟ್ ನೋಡಿಸುವಾಗ ಆನೆಗೆ ಹಾಕಿದ ಸೋಲಾರ್ ಬೇಲಿ ಆಫ್ ಮಾಡಿಸಿ. ಅದರ ಪಲ್ಸ್ ನೆಲಕ್ಕಿಳಿದು ರೀಡಿಂಗ್ ಕುಣಿಸುತ್ತದೆ. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪುಗಳನ್ನು ಸರಳಿನ ಸಾಲಿನಿಂದ ದೂರ ಸರಿಸಿ. ಮಾರ್ಚ್‌ನ ಒಣ ನೆಲವಾದರೆ ಸರಳಿನ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು. ಕತ್ತಲಾಗುವ ಮೊದಲು ಬೇಲಿ ಆನ್ ಮಾಡುವುದನ್ನು ಮರೆಯಬೇಡಿ.