ಸಂಪಾದಕರ ಉತ್ತರ: ಕೊವಾಚ್‌ಗೆ ಸಿಕ್ಕ ಕಾಲಾವಕಾಶ

ಡೋರ್ಟ್‌ಮುಂಡ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆಯುತ್ತಾರೆ: "ಫುಟ್‌ಬಾಲ್ ಋತುವಿನ ನಡುವೆ ತರಬೇತುದಾರರನ್ನು ಬದಲಿಸುವುದು ಹೇಡಿತನವೆಂದು ನೀವು ಬರೆದದ್ದನ್ನು ಓದಿ ಬೇಸರವಾಯಿತು. 2025ರ ಜನವರಿಯಲ್ಲಿ ನಮ್ಮ ಬೊರುಸಿಯಾ ಕ್ಲಬ್ ನೂರಿ ಶಾಹಿನ್ ಅವರನ್ನು ಕಳುಹಿಸಿ ನಿಕೊ ಕೊವಾಚ್ ಅವರನ್ನು ಕರೆತರದೆ ಇದ್ದಿದ್ದರೆ ಯುರೋಪಿನ ಚಾಂಪಿಯನ್ಸ್ ಲೀಗ್‌ನ ಪ್ರವೇಶ ಕೈತಪ್ಪುತ್ತಿತ್ತು. ಫಲಿತಾಂಶ ಕಣ್ಣೆದುರಿಗಿರುವಾಗ ವಾದವೇಕೆ? ಕ್ಲಬ್ಬಿನ ಸದಸ್ಯನಾಗಿ ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ."

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಬೊಲೊನ್ಯದಲ್ಲಿ ಸೋತ ಮರುದಿನ ಶಾಹಿನ್ ಕೆಲಸ ಕಳೆದುಕೊಂಡಾಗ ತಂಡ ಅಂಕಪಟ್ಟಿಯಲ್ಲಿ ಹತ್ತನೆಯದಾಗಿತ್ತು, ಮೇ ತಿಂಗಳಲ್ಲಿ ನಾಲ್ಕನೆಯದಾಗಿ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯಿತು. ನಡುವೆ ಬಂದವರು ಗೆದ್ದ ಉದಾಹರಣೆಗಳು ಬೇರೆಯೂ ಇವೆ. 2019ರ ನವೆಂಬರ್‌ನಲ್ಲಿ ಬಯರ್ನ್ ತಂಡದ ಹೊಣೆ ಹೊತ್ತ ಹ್ಯಾನ್ಸಿ ಫ್ಲಿಕ್ ಅದೇ ಋತುವಿನಲ್ಲಿ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದುಕೊಟ್ಟರು. ಅಂದು ಫ್ರಾಂಕ್‌ಫರ್ಟ್‌ನಲ್ಲಿ 5–1ರಿಂದ ಸೋತು ಬಯರ್ನ್‌ನಿಂದ ಹೊರನಡೆದವರು ಇದೇ ಕೊವಾಚ್ ಎಂಬುದನ್ನು ಮಾತ್ರ ನೀವು ಮರೆತಂತಿದೆ.

ಇನ್ನು ನೀವು ಹೆಮ್ಮೆಪಡುವ ಆ ನಾಲ್ಕು ತಿಂಗಳುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕೊವಾಚ್ ತಮ್ಮ ಮೊದಲ ಎರಡು ಲೀಗ್ ಪಂದ್ಯಗಳಲ್ಲಿ ಸ್ಟುಟ್‌ಗಾರ್ಟ್‌ಗೂ ಬೋಖುಮ್‌ಗೂ ಸೋತರು. ಮಾರ್ಚ್‌ನಲ್ಲಿ ಆಗ್ಸ್‌ಬರ್ಗ್‌ಗೆ, ಆಮೇಲೆ ಲೈಪ್‌ಜಿಗ್‌ಗೆ ಸೋತರು. ತಂಡ ಅವರು ಬರುವ ಮೊದಲಿದ್ದಲ್ಲಿಗಿಂತ ಮೇಲೇನೂ ಏರಿರಲಿಲ್ಲ. ಕೊನೆಯ ಎಂಟು ಪಂದ್ಯಗಳಲ್ಲಿ 24ಕ್ಕೆ 22 ಅಂಕ ಬಂದದ್ದು ಅದಾದ ಮೇಲೆ. ಶಾಹಿನ್‌ಗೆ ಹಿಡಿದ ಅಳತೆಗೋಲನ್ನೇ ಹಿಡಿದಿದ್ದರೆ ಮಾರ್ಚ್ ಮಧ್ಯದಲ್ಲಿ ಕೊವಾಚ್ ಕೂಡ ಮನೆಗೆ ಹೋಗಬೇಕಿತ್ತು. ಕ್ಲಬ್ ಕಾದದ್ದರಿಂದಲ್ಲವೇ ನಿಮಗೆ ಆ ನಾಲ್ಕನೇ ಸ್ಥಾನ ಸಿಕ್ಕಿದ್ದು? ಹೊಸಬರಿಗೆ ತೋರಿಸಿದ ಸಹನೆಯನ್ನು, ಹದಿನಾರನೇ ವಯಸ್ಸಿನಲ್ಲೇ ಅದೇ ಅಂಗಿ ತೊಟ್ಟು ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಆಡಲು ಇಳಿದ ಮನೆಮಗ ಶಾಹಿನ್‌ಗೆ ಏಕೆ ತೋರಿಸಲಿಲ್ಲವೆಂದು ಸದಸ್ಯರಾದ ನೀವು ಕೇಳಲೇ ಇಲ್ಲ.

ನಿಮ್ಮ ಊರಿಗೆ ಸಹನೆ ಹೊಸದೂ ಅಲ್ಲ. 2015ರ ಫೆಬ್ರವರಿಯಲ್ಲಿ ತವರಿನಲ್ಲೇ ಆಗ್ಸ್‌ಬರ್ಗ್‌ಗೆ 0–1ರಿಂದ ಸೋತಾಗ ಅಂದಿನ ತರಬೇತುದಾರ ಯೂರ್ಗನ್ ಕ್ಲೋಪ್ ಅವರ ತಂಡ ಕಟ್ಟಕಡೆಯ ಹದಿನೆಂಟನೇ ಸ್ಥಾನದಲ್ಲಿತ್ತು. ಅಭಿಮಾನಿಗಳು ನಿಲ್ಲುವ ದಕ್ಷಿಣದ ಸ್ಟ್ಯಾಂಡ್ ಸಿಡಿಲಿನಂತೆ ಕೂಗುತ್ತಿತ್ತು. ಗೋಲ್‌ಕೀಪರ್ ರೋಮನ್ ವೈಡೆನ್‌ಫೆಲರ್ ಬೇಲಿ ಹತ್ತಿ ನಿಂತು ಸಿಟ್ಟಿಗೆದ್ದವರೊಡನೆ ಮುಖಾಮುಖಿ ಮಾತನಾಡಿದರು. ಅಷ್ಟಾದರೂ ಕ್ಲೋಪ್ ಕೆಲಸ ಉಳಿಯಿತು. ತಂಡ ಮುಂದಿನ ನಾಲ್ಕು ಲೀಗ್ ಪಂದ್ಯಗಳನ್ನು ಸಾಲಾಗಿ ಗೆದ್ದು, ಕೊನೆಗೆ ಏಳನೆಯದಾಗಿ, ಕಪ್ ಫೈನಲ್‌ವರೆಗೂ ಹೋಯಿತು. ಅಂದು ಹೊಸ ತರಬೇತುದಾರ ಬಂದಿದ್ದರೆ ಆ ನಾಲ್ಕು ಗೆಲುವುಗಳ ಪೂರ್ತಿ ಶ್ರೇಯಸ್ಸು ಅವರ ಹೆಸರಿಗೆ ಜಮೆಯಾಗುತ್ತಿತ್ತು, ಮತ್ತು ನೀವು ಇಂಥದ್ದೇ ಒಂದು ಪತ್ರ ಬರೆಯುತ್ತಿದ್ದಿರಿ.

ಇದು ಕೇವಲ ನನ್ನ ಹಟವಲ್ಲ. ಮ್ಯೂನ್‌ಸ್ಟರ್‌ನ ಸಂಶೋಧಕ ಆಂದ್ರೆಯಾಸ್ ಹಾಯರ್ ಮತ್ತು ಸಂಗಡಿಗರು ಬುಂಡೆಸ್‌ಲೀಗಾದ ಹಲವು ದಶಕಗಳ ಫಲಿತಾಂಶಗಳನ್ನು ಜಾಲಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡುವಿನ ಬದಲಾವಣೆಯಿಂದ ತಂಡದ ಆಟಕ್ಕೆ ಹೇಳಿಕೊಳ್ಳುವಂಥ ಲಾಭವಾಗಿಲ್ಲ. ತಂಡ ತನ್ನ ಯೋಗ್ಯತೆಗಿಂತ ಕೆಳಗೆ ಬಿದ್ದಾಗಲೇ ತರಬೇತುದಾರರ ತಲೆದಂಡವಾಗುತ್ತದೆ. ಬಿದ್ದ ತಂಡ ಹೇಗೂ ಮೇಲೇಳುತ್ತದೆ. ಏಳದಿದ್ದರೆ ಇನ್ನೊಬ್ಬರನ್ನು ತರುತ್ತಾರೆ. ನಿಮ್ಮ ನೆರೆಯ ಶಾಲ್ಕೆ 2020–21ರಲ್ಲಿ ವಾಗ್ನರ್, ಬೌಮ್, ಸ್ಟೆವೆನ್ಸ್, ಗ್ರಾಸ್, ಗ್ರಮ್ಮೋಜಿಸ್ ಎಂದು ಐವರನ್ನು ಕಂಡು, 16 ಅಂಕಗಳೊಂದಿಗೆ ಎರಡನೇ ದರ್ಜೆಗೆ ಇಳಿಯಿತು. ಡೋರ್ಟ್‌ಮುಂಡ್‌ನವರು ಆ ಕಥೆಯನ್ನು ನಗುತ್ತಾ ಹೇಳುವುದನ್ನು ಬಲ್ಲೆ.

ಫ್ರೈಬುರ್ಗ್‌ನ ಕ್ರಿಸ್ಟಿಯಾನ್ ಸ್ಟ್ರೈಖ್ ಕೂಡ 2011ರ ಡಿಸೆಂಬರ್ ಕೊನೆಯಲ್ಲಿ, ಅಂದರೆ ಋತುವಿನ ನಡುವೆಯೇ ಬಂದವರು ಎಂದು ನೀವು ನೆನಪಿಸಬಹುದು. ನಿಜ. ಆದರೆ 2015ರಲ್ಲಿ ಅವರ ತಂಡ ಕೆಳದರ್ಜೆಗೆ ಜಾರಿದಾಗ ಕ್ಲಬ್ ಅವರನ್ನು ಬಿಡಲಿಲ್ಲ. ಮರುವರ್ಷವೇ ಅವರು ತಂಡವನ್ನು ಮೇಲಕ್ಕೆ ತಂದರು, 2024ರವರೆಗೂ ಇದ್ದರು. ಶಾಬಿ ಅಲೊನ್ಸೊ ಲೆವರ್‌ಕೂಸನ್‌ಗೆ ತರಬೇತುದಾರರಾಗಿ ಬಂದ ಹೊಸದರಲ್ಲೇ ಫ್ರಾಂಕ್‌ಫರ್ಟ್‌ನಲ್ಲಿ 5–1ರಿಂದ ಸೋತಿದ್ದರು. ಅಲ್ಲಿಗೇ ಅವರನ್ನು ಕೈಬಿಟ್ಟಿದ್ದರೆ 2024ರ ಅಜೇಯ ಚಾಂಪಿಯನ್ ಪಟ್ಟ ಎಲ್ಲಿರುತ್ತಿತ್ತು?

ನನ್ನ ನಿಜವಾದ ತಕರಾರು ತರಬೇತುದಾರರ ಬಗೆಗಲ್ಲ, ಅವರನ್ನು ಆರಿಸಿದವರ ಬಗೆಗೆ. ಆಯ್ಕೆ ತಪ್ಪಾಗಿತ್ತೆಂದು ಪತ್ರಿಕಾಗೋಷ್ಠಿಯಲ್ಲಿ ವಿಷಾದ ಸೂಚಿಸುವವರು ಸಾಮಾನ್ಯವಾಗಿ ಮರುದಿನ ಅದೇ ಕುರ್ಚಿಯಲ್ಲಿ ಕುಳಿತು ಮುಂದಿನ ಆಯ್ಕೆ ಮಾಡುತ್ತಾರೆ. 2023ರಲ್ಲಿ ತರಬೇತುದಾರ ಯೂಲಿಯಾನ್ ನಾಗೆಲ್ಸ್‌ಮನ್ ಅವರನ್ನು ಮಾರ್ಚ್‌ನಲ್ಲಿ ಹೊರಹಾಕಿದ ಬಯರ್ನ್‌ನ ಆಡಳಿತಗಾರರಾದ ಓಲಿವರ್ ಕಾನ್ ಮತ್ತು ಹಸನ್ ಸಾಲಿಹಾಮಿಜಿಚ್, ಲೀಗ್ ಗೆದ್ದ ದಿನವೇ ತಾವೂ ಹುದ್ದೆ ಕಳೆದುಕೊಂಡದ್ದು ಅಪರೂಪದ ಪ್ರಸಂಗ. ಜರ್ಮನಿಯಲ್ಲಿ ಸದಸ್ಯರ ಸಂಘದ ಕೈಯಲ್ಲೇ ಮತಾಧಿಕಾರದ ಬಹುಪಾಲು ಉಳಿಯಬೇಕೆಂಬ ನಿಯಮವಿದೆ. ಬೇರೆ ದೇಶಗಳ ಅಭಿಮಾನಿಗಳು ಅದಕ್ಕಾಗಿ ಹಂಬಲಿಸುತ್ತಾರೆ. ಅಂಥ ಹಕ್ಕಿರುವ ನೀವು ಹೆಮ್ಮೆಪಡುವುದರಲ್ಲೇ ತೃಪ್ತರಾಗಿದ್ದೀರಿ. ಮುಂದಿನ ಸದಸ್ಯರ ಸಭೆಯಲ್ಲಿ ಎದ್ದುನಿಂತು, 2024ರ ಜೂನ್‌ನಲ್ಲಿ ಶಾಹಿನ್ ಅವರನ್ನು ಆರಿಸಿದವರು ಆ ಏಳು ತಿಂಗಳುಗಳ ಹೊಣೆಯಲ್ಲಿ ತಮ್ಮ ಪಾಲೆಷ್ಟೆಂದು ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಏನು ಉತ್ತರ ಬಂತೆಂಬುದನ್ನು ದಯವಿಟ್ಟು ಬರೆದು ಕಳುಹಿಸಿ; ಈ ಪತ್ರಕ್ಕೆ ಕೊಟ್ಟಷ್ಟೇ ಜಾಗವನ್ನು ಅದಕ್ಕೂ ಕೊಡುತ್ತೇವೆ.