ಒಣದ್ರಾಕ್ಷಿ ಹೊರದೇಶಕ್ಕೆ ಕಳಿಸುವುದು, ಮತ್ತು ಈ ಜಾಗತಿಕ ಸಂಸ್ಥೆಗಳು ನಡುವೆ ಮಾಡುವ ಕೆಲಸ

ಗುಂಪಿನ ಹಿರಿಯರಿಗೂ ಅಣ್ಣತಮ್ಮಂದಿರಿಗೂ ಶರಣು. ಇಂಡಿ ಭಾಗದ ಅಣ್ಣಾವರು ಮೊನ್ನೆ ಎರಡು ಪ್ರಶ್ನೆ ಕೇಳಿದ್ದರು. ಅವರ ಊರಿನ ಹನ್ನೊಂದು ಬೆಳೆಗಾರರು ಕೂಡಿ ಈ ಸಲದ ಒಣದ್ರಾಕ್ಷಿಯನ್ನು ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಒಯ್ಯದೆ ನೇರವಾಗಿ ಹೊರದೇಶಕ್ಕೆ ಕಳಿಸಬೇಕೆಂದರೆ ಏನೇನು ಬೇಕು ಎಂಬುದು ಮೊದಲನೆಯದು. ಏಜೆಂಟರು ಮಾತುಮಾತಿಗೆ ಹೇಳುವ ಕೋಡೆಕ್ಸ್, ಐಪಿಪಿಸಿ, ಡಬ್ಲ್ಯೂಟಿಓ ಎಂಬ ಹೆಸರುಗಳಿಂದ ರೈತನಿಗೆ ಉಪಯೋಗವಿದೆಯೋ ಬರೀ ತೊಡಕೋ ಎಂಬುದು ಎರಡನೆಯದು. ಅದರ ಕೆಳಗೆ ನಾಲ್ಕೈದು ಮಂದಿ "ಅವೆಲ್ಲ ಶ್ರೀಮಂತ ದೇಶಗಳ ಆಟ" ಎಂದು ಬರೆದಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದರೆ ಅಷ್ಟಕ್ಕೇ ಬಿಟ್ಟರೆ ನಷ್ಟವಾಗುವುದು ನಮಗೇ ಆದ್ದರಿಂದ ತುಸು ವಿವರವಾಗಿ ಬರೆಯುತ್ತಿದ್ದೇನೆ.

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ನಮ್ಮ ತೋಟದಿಂದಲೇ ಆರಂಭಿಸುತ್ತೇನೆ. ನಮ್ಮ ಥಾಮ್ಸನ್ ತಳಿಯ ದ್ರಾಕ್ಷಿ ಬಳ್ಳಿ ನಿಂತಿರುವುದು ತನ್ನ ಬೇರಿನ ಮೇಲಲ್ಲ, ಡಾಗ್‌ರಿಜ್ ಬೇರಿನ ಮೇಲೆ. ಸವಳು ನೀರನ್ನೂ ಬರಗಾಲವನ್ನೂ ತಾಳಿಕೊಳ್ಳುತ್ತದೆಂದು ನಾವು ಅದಕ್ಕೆ ಕಸಿ ಕಟ್ಟುತ್ತೇವೆ. ಅದು ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿ. ಅಮೆರಿಕದ ಬೇರಿಗೆ ದ್ರಾಕ್ಷಿ ಕಸಿ ಕಟ್ಟುವ ರೂಢಿ ಜಗತ್ತಿನಲ್ಲಿ ಹಬ್ಬಿದ್ದು ಒಂದು ದೊಡ್ಡ ಅನಾಹುತದಿಂದ. 1860ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರು ಹೇನು ಅಮೆರಿಕದ ಸಸಿಗಳ ಜೊತೆ ಯುರೋಪಿಗೆ ಬಂದು ಫ್ರಾನ್ಸಿನ ತೋಟಗಳನ್ನು ಸಾಲುಸಾಲಾಗಿ ಒಣಗಿಸಿತು. ಹೇನಿಗೆ ಗಡಿಯೆಂಬುದಿಲ್ಲ, ಒಂದು ದೇಶ ತನ್ನ ಬಾಗಿಲು ಹಾಕಿಕೊಂಡರೂ ಪಕ್ಕದ ದೇಶದಿಂದ ಸಸಿ ಬರುತ್ತಲೇ ಇತ್ತು. ಕೊನೆಗೆ 1878ರಲ್ಲಿ ಯುರೋಪಿನ ಕೆಲವು ದೇಶಗಳು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕುಳಿತು, ದ್ರಾಕ್ಷಿ ಸಸಿಯನ್ನು ಗಡಿ ದಾಟಿಸುವಾಗ ಎಲ್ಲರೂ ಒಂದೇ ನಿಯಮ ಪಾಲಿಸಬೇಕೆಂದು ಒಪ್ಪಂದ ಮಾಡಿಕೊಂಡವು. ಅದೇ ದಾರಿಯಲ್ಲಿ ಮುಂದೆ 1951ರಲ್ಲಿ ಬಂದದ್ದು ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ, ಅಂದರೆ ಏಜೆಂಟರು ಹೇಳುವ ಐಪಿಪಿಸಿ. ಇಂದು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಈ ಬಗೆಯ ಸಹಕಾರ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕಾದ ಸಂಗತಿ.

ಐಪಿಪಿಸಿಯನ್ನು ಕಣ್ಣಾರೆ ನೋಡಬೇಕಿದ್ದರೆ ಯಾವುದಾದರೂ ಪ್ಯಾಕ್‌ಹೌಸಿಗೆ ಹೋಗಿ ಪೆಟ್ಟಿಗೆ ಪೇರಿಸುವ ಕಟ್ಟಿಗೆಯ ಪ್ಯಾಲೆಟ್ಟಿನ ಪಕ್ಕದ ಹಲಗೆಯನ್ನು ಗಮನಿಸಿ. ಸುಟ್ಟು ಒತ್ತಿದ ಒಂದು ಮುದ್ರೆ ಇರುತ್ತದೆ: ಒಂದು ಬದಿಗೆ ಗೋದಿ ತೆನೆಯ ಚಿತ್ರ, ಇನ್ನೊಂದು ಬದಿಗೆ ಭಾರತದ ಗುರುತಾದ ಐಎನ್, ಕಾರ್ಖಾನೆಯ ನಂಬರ್ ಮತ್ತು ಎಚ್‌ಟಿ ಎಂಬ ಎರಡಕ್ಷರ. ಆ ಎರಡಕ್ಷರದ ಅರ್ಥ, ಕಟ್ಟಿಗೆಯ ಒಳಗಿನ ತಿರುಳು ಕೂಡ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಿಡದೆ 30 ನಿಮಿಷ ಇತ್ತು, ಒಳಗಿನ ಹುಳ ಮೊಟ್ಟೆಗಳೆಲ್ಲ ಸತ್ತಿವೆ ಎಂದು. ನಮ್ಮ ಭಾಷೆ ಬಾರದ ಬಂದರಿನ ಅಧಿಕಾರಿ ಆ ಮುದ್ರೆ ನೋಡಿದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಮುದ್ರೆ ಇಲ್ಲದಿದ್ದರೆ ಒಳಗಿನ ಮಾಲು ಬಂಗಾರದಂತಿದ್ದರೂ ಕಂಟೇನರ್ ನಿಂತುಬಿಡುತ್ತದೆ. ರಟ್ಟಿನ ಪೆಟ್ಟಿಗೆಗೂ ಪ್ಲೈವುಡ್ಡಿಗೂ ಈ ಮುದ್ರೆ ಬೇಕಿಲ್ಲ.

ಇದೇ ಒಪ್ಪಂದದ ಇನ್ನೊಂದು ಫಲ, ಮಾಲಿನಲ್ಲಿ ಕೀಟ ರೋಗ ಇಲ್ಲವೆಂದು ಹೇಳುವ, ನಾವು ಫೈಟೊ ಎನ್ನುವ ಸರ್ಟಿಫಿಕೇಟು. ಅದರ ನಮೂನೆ ಎಲ್ಲ ದೇಶಗಳಿಗೂ ಒಂದೇ. ನಮ್ಮಲ್ಲಿ ಕೇಂದ್ರ ಕೃಷಿ ಇಲಾಖೆಯ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಅಧೀನದ ಅಧಿಕಾರಿಗಳು ಮಾಲು ನೋಡಿ ಅದನ್ನು ಕೊಡುತ್ತಾರೆ. ಭಾರತದ ಅಧಿಕಾರಿ ಇಲ್ಲಿ ಸಹಿ ಮಾಡಿದ್ದನ್ನು ಬೇರೆ ದೇಶದ ಅಧಿಕಾರಿ ಅಲ್ಲಿ ನಂಬುತ್ತಾನೆ, ಅಲ್ಲಿಯವನ ಸಹಿಯನ್ನು ನಾವು ಇಲ್ಲಿ ನಂಬುತ್ತೇವೆ. ಈ ನಂಬಿಕೆ ಇಲ್ಲದಿದ್ದರೆ ಪ್ರತಿ ದೇಶದವರೂ ಬಂದು ನಮ್ಮ ಶೆಡ್ಡಿನಲ್ಲಿ ಕುಳಿತು ಮಾಲು ನೋಡಬೇಕಾಗುತ್ತಿತ್ತು.

ಈಗ ಕೋಡೆಕ್ಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ 1963ರಲ್ಲಿ ಕಟ್ಟಿದ ಆಯೋಗ ಇದು. ತಿನ್ನುವ ಪದಾರ್ಥ ಹೇಗಿರಬೇಕೆಂಬ ಅಳತೆಗಳನ್ನು ಬರೆದಿಡುವುದು ಇದರ ಕೆಲಸ. ಒಣದ್ರಾಕ್ಷಿಗೂ ಅದರಲ್ಲಿ ಮಾನದಂಡ ಇದೆ. ನಮ್ಮಂಥ ಬೀಜರಹಿತ ಮಾಲಿನಲ್ಲಿ ತೇವಾಂಶ ನೂರಕ್ಕೆ 18ನ್ನು ಮೀರಬಾರದು. ಗಂಧಕದ ಹೊಗೆ ಕೊಟ್ಟು ಬಣ್ಣ ತಿಳಿ ಮಾಡಿದ ಒಣದ್ರಾಕ್ಷಿಯಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 1500 ಮಿಲಿಗ್ರಾಂ ಮೀರಬಾರದು.

ಈ ಹದಿನೆಂಟರ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ನಾವು ಏಳು ಜನ ಕೂಡಿ ಒಬ್ಬ ರಫ್ತುದಾರರಿಗೆ ಮಾಲು ಕೊಟ್ಟೆವು. ಶೆಡ್ಡಿನಿಂದ ಇಳಿಸುವಾಗ ನಮ್ಮ ಹಿರಿಯರು ಮಾಡುವಂತೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿ ಕೈ ಬಿಚ್ಚಿ ನೋಡಿದ್ದೆವು. ಕಾಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಿದವು, ಒಣಗಿದೆ ಎಂದು ತೀರ್ಮಾನಿಸಿದೆವು. ಲ್ಯಾಬಿನಲ್ಲಿ ನಾಲ್ಕು ಚೀಲ ಸರಿ ಬಂದವು, ಎರಡು ಚೀಲ ಹದಿನೆಂಟನ್ನು ದಾಟಿದವು. ಅವು ಒಣಗಿಸುವ ಶೆಡ್ಡಿನಲ್ಲಿ ಹಣ್ಣು ಹರಡುವ ಬಲೆಗಳ ಪೈಕಿ ಎಲ್ಲಕ್ಕಿಂತ ಕೆಳಗಿನ ಬಲೆಯ ಮಾಲು, ಅಲ್ಲಿ ಗಾಳಿ ಕಡಿಮೆ ಆಡುತ್ತದೆ. ಎಲ್ಲವನ್ನೂ ಕಲಸಿ ಕಳಿಸಿದ್ದರಿಂದ ಇಡೀ ಲಾಟು ಮರಳಿ ಬಂತು. ಅಂದು ನಾನೂ ಆ ಸಂಸ್ಥೆಗಳನ್ನು ಬೈದವನೇ. ಆಮೇಲೆ ಯೋಚಿಸಿದಾಗ ತಿಳಿಯಿತು, ಕೊಳ್ಳುವವನು "ನಿನ್ನ ಮಾಲು ಹಸಿ ಇದೆ" ಎಂದು ಬಾಯಿಮಾತಿನಲ್ಲಿ ದರ ಕಡಿಮೆ ಮಾಡುವ ಪೇಟೆಗಿಂತ, ಹದಿನೆಂಟು ಎಂದು ಮೊದಲೇ ಬರೆದಿಟ್ಟ ಪೇಟೆಯಲ್ಲಿ ನಮಗೆ ವಾದಿಸಲು ನೆಲ ಇದೆ.

ಆದರೆ ಕೋಡೆಕ್ಸ್ ಸರಿಯಾದರೆ ಎಲ್ಲ ದೇಶವೂ ಮಾಲು ಒಪ್ಪಿಕೊಳ್ಳುತ್ತದೆ ಎಂಬ ಮಾತನ್ನು ನಂಬಬೇಡಿ. ವೈಜ್ಞಾನಿಕ ಕಾರಣ ತೋರಿಸಿದರೆ ಯಾವ ದೇಶವಾದರೂ ಇನ್ನೂ ಬಿಗಿಯಾದ ಮಿತಿ ಇಟ್ಟುಕೊಳ್ಳಬಹುದು. ಬೂಸುಬಿದ್ದ ಹಣ್ಣಿನಲ್ಲಿ ಆಗುವ ಓಕ್ರಾಟಾಕ್ಸಿನ್ ಎಂಬ ವಿಷಕ್ಕೆ ಯುರೋಪಿಯನ್ ಒಕ್ಕೂಟ ಒಣದ್ರಾಕ್ಷಿಯಲ್ಲಿ ಕಿಲೋಗೆ 10 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2023ರಿಂದ 8ಕ್ಕೆ ಇಳಿಸಿದೆ. 2010ರ ಪೆಟ್ಟನ್ನು ಹಸಿದ್ರಾಕ್ಷಿಯವರು ಮರೆತಿರಲಾರರು. ಚಾಟಣಿಯ (ಬಳ್ಳಿ ಸವರುವುದರ) ನಂತರ ಬಳ್ಳಿಯ ಸೊಕ್ಕು ತಡೆಯಲು ಹೊಡೆಯುವ ಸಿಸಿಸಿ ಎಂಬ ರಾಸಾಯನಿಕದ ಉಳಿಕೆ ಸಿಕ್ಕಿತೆಂದು ಆ ವರ್ಷ ಭಾರತದ ಕಂಟೇನರುಗಳು ಯುರೋಪಿನ ಬಂದರುಗಳಲ್ಲಿ ನಿಂತವು. ಆಗ ಅಲ್ಲಿಯ ಮಿತಿ ಕಿಲೋಗೆ 0.05 ಮಿಲಿಗ್ರಾಂ, ಅದು ನಮ್ಮ ಬಹುತೇಕ ಬೆಳೆಗಾರರಿಗೆ ಗೊತ್ತೇ ಇರಲಿಲ್ಲ. ನಿಯಮ ಕಠಿಣವೆಂಬ ದೂರಿಗಿಂತ, ನಿಯಮದ ಸುದ್ದಿ ಹೊಲದ ತನಕ ಬರಲಿಲ್ಲವೆಂಬ ದೂರು ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

ಸುದ್ದಿ ತಲುಪಿಸುವ ಕೆಲಸಕ್ಕೆ ಡಬ್ಲ್ಯೂಟಿಓ, ಅಂದರೆ 1995ರಲ್ಲಿ ಜಿನೀವಾದಲ್ಲಿ ಆರಂಭವಾದ ವಿಶ್ವ ವ್ಯಾಪಾರ ಸಂಸ್ಥೆ ಬೇಕಾಗುತ್ತದೆ. ಅದರ ಆಹಾರ ಸುರಕ್ಷತೆ ಮತ್ತು ಸಸ್ಯ ಆರೋಗ್ಯದ ಒಪ್ಪಂದದ ಪ್ರಕಾರ, ವ್ಯಾಪಾರಕ್ಕೆ ತೊಡಕಾಗಬಹುದಾದ ಹೊಸ ಮಿತಿಯನ್ನು ತರುವ ಮೊದಲು ಆ ದೇಶ ಉಳಿದವರಿಗೆಲ್ಲ ತಿಳಿಸಬೇಕು, ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಕೊಡಬೇಕು. ಈ ಅಧಿಸೂಚನೆಗಳನ್ನು ಇ-ಪಿಂಗ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಮೇಲ್ ಮೂಲಕ ತರಿಸಿಕೊಳ್ಳಬಹುದು. ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಬಲ್ಲ ಹುಡುಗರು ಬೇಕಾದಷ್ಟಿದ್ದಾರೆ. ಇಬ್ಬರು ನೋಂದಾಯಿಸಿಕೊಂಡು ದ್ರಾಕ್ಷಿ, ದಾಳಿಂಬೆ, ಲಿಂಬೆಗೆ ಸಂಬಂಧಿಸಿದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕಲಿ ಎಂಬುದು ನನ್ನ ಕಳಕಳಿಯ ವಿನಂತಿ. ಆಕ್ಷೇಪಣೆ ಇದ್ದರೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಅಪೆಡಾಗೆ ಬರೆಯಬಹುದು. ಕೋಡೆಕ್ಸ್ ವಿಷಯಕ್ಕೆ ನಮ್ಮ ದೇಶದ ಸಂಪರ್ಕ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ.

"ಶ್ರೀಮಂತ ದೇಶಗಳ ಆಟ" ಎಂಬ ಮಾತಿಗೆ ಈಗ ಬರುತ್ತೇನೆ. ಕುಳಿತು ಮಾತಾಡಿದವರ ಅಳತೆಯೇ ಅಲ್ಲಿ ನಡೆಯುತ್ತದೆ, ಅದು ನಿಜ. ಹಾಗೆಂದೇ ನಾವೂ ಕುಳಿತಿದ್ದೇವೆ: ಮಸಾಲೆ ಪದಾರ್ಥಗಳಿಗೆ ಕೋಡೆಕ್ಸ್ ಸಮಿತಿ ಬೇಕೆಂದು ಕೇಳಿ 2013ರಲ್ಲಿ ಅದರ ಯಜಮಾನಿಕೆಯನ್ನು ಭಾರತವೇ ಪಡೆಯಿತು, ಜೀರಿಗೆಗೂ ಕಾಳುಮೆಣಸಿಗೂ 2017ರಲ್ಲಿ ಬಂದ ಮಾನದಂಡಗಳು ಆ ಸಮಿತಿಯವು.

ಕಬ್ಬಿನವರ ಅನುಭವ ಬೇರೆ. ನಮ್ಮ ಗುಂಪಿನಲ್ಲಿ ಅಥಣಿ, ಜಮಖಂಡಿ, ಮುಧೋಳದವರು ಬಹಳ ಇದ್ದೀರಿ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯ, ಗ್ವಾಟೆಮಾಲಾ ದೇಶಗಳು ಭಾರತದ ಕಬ್ಬು ಸಕ್ಕರೆ ನೆರವಿನ ಮೇಲೆ ಡಬ್ಲ್ಯೂಟಿಓದಲ್ಲಿ ದಾವೆ ಹೂಡಿದವು. ಎಫ್‌ಆರ್‌ಪಿ (ಸರ್ಕಾರ ನಿಗದಿ ಮಾಡುವ ಕಬ್ಬಿನ ದರ) ಮೊದಲಾದವುಗಳಿಂದ ಕಬ್ಬಿಗೆ ಕೊಟ್ಟ ನೆರವು 2014-15ರಿಂದ 2018-19ರವರೆಗಿನ ಐದು ಹಂಗಾಮುಗಳಲ್ಲಿ ಬೆಳೆಯ ಮೌಲ್ಯದ ನೂರಕ್ಕೆ 10ರ ಮಿತಿ ಮೀರಿದೆ ಎಂದು 2021ರ ಡಿಸೆಂಬರಿನಲ್ಲಿ ವಿಚಾರಣಾ ಸಮಿತಿ ಹೇಳಿತು. ಭಾರತ ಅದನ್ನು ಒಪ್ಪದೆ ಮೇಲ್ಮನವಿ ಹಾಕಿತು. ಆದರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದಿದ್ದ ಕಾರಣ ಅಲ್ಲಿಯ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದ ಕೆಲಸ ನಿಲ್ಲಿಸಿದೆ. ತೀರ್ಪು ಜಾರಿಯಾಗಲಿಲ್ಲವೆಂದು ಕಬ್ಬಿನವರಿಗೆ ಸಮಾಧಾನವಾಗಬಹುದು. ನಾಳೆ ನಮ್ಮ ದ್ರಾಕ್ಷಿಯನ್ನು ಯಾರಾದರೂ ಅನ್ಯಾಯವಾಗಿ ತಡೆದರೆ ನಮಗೂ ಅದೇ ಬಾಗಿಲು ಮುಚ್ಚಿರುತ್ತದೆ, ಆದ್ದರಿಂದ ನನಗೆ ಸಮಾಧಾನವಿಲ್ಲ.

ಹಗೆ ಇದ್ದವರೂ ಕೂಡಿ ಕೆಲಸ ಮಾಡಬಹುದೇ ಎಂದು ಕೇಳುವವರಿಗೆ ಮಿಡತೆಯ ಉದಾಹರಣೆ ಸಾಕು. ಮರುಭೂಮಿ ಮಿಡತೆಯನ್ನು ತಡೆಯಲು ಆಹಾರ ಮತ್ತು ಕೃಷಿ ಸಂಸ್ಥೆಯ ಅಡಿಯಲ್ಲಿ ಭಾರತ, ಪಾಕಿಸ್ತಾನ, ಇರಾನ್, ಅಫ್ಘಾನಿಸ್ತಾನಗಳ ಒಂದು ಆಯೋಗ 1964ರಿಂದ ಇದೆ. ಆಮೇಲೆ ಯುದ್ಧಗಳಾದವು, ಆಯೋಗ ಉಳಿಯಿತು; ಮಿಡತೆಯ ಹಂಗಾಮಿನಲ್ಲಿ ಎರಡೂ ಕಡೆಯ ಅಧಿಕಾರಿಗಳು ರಾಜಸ್ಥಾನದ ಗಡಿಯಲ್ಲಿ ಭೇಟಿಯಾಗಿ ಹಿಂಡು ಎಲ್ಲಿ ಕುಳಿತಿದೆ, ಎಲ್ಲಿ ಮೊಟ್ಟೆ ಇಟ್ಟಿದೆ ಎಂದು ಹಂಚಿಕೊಳ್ಳುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. 2020ರ ಮೇ ತಿಂಗಳಲ್ಲಿ ಹಿಂಡುಗಳು ವಿದರ್ಭದವರೆಗೆ ಬಂದಾಗ ನಮ್ಮ ಕಡೆ ಎಷ್ಟು ದಿಗಿಲಾಗಿತ್ತೆಂಬುದು ನೆನಪಿರಬೇಕು.

ಇನ್ನು ಇಂಡಿಯ ಅಣ್ಣಾವರ ಮೊದಲ ಪ್ರಶ್ನೆ. ಮಾಲು ಯಾವ ದೇಶಕ್ಕೆ ಎಂಬುದನ್ನು ಮೊದಲು ಗಟ್ಟಿ ಮಾಡಿ, ಆ ದೇಶದ ಔಷಧಿ ಉಳಿಕೆ ಮಿತಿಗಳನ್ನು ಕೊಳ್ಳುವವರಿಂದ ಬರಹದಲ್ಲೇ ತರಿಸಿಕೊಳ್ಳಿ, ಫೋನಿನ ಮಾತು ಬೇಡ. ಗುಂಪಿನ ಹೆಸರಿನಲ್ಲಿ ಆಮದು ರಫ್ತು ಕೋಡ್, ಅಪೆಡಾ ನೋಂದಣಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮಾಡಿಸಿ. ಬಿಲ್ಲಿನಲ್ಲಿ 0806.20 ಎಂಬ ಸಂಖ್ಯೆ ಇರಲಿ. ಅದು ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಒಣದ್ರಾಕ್ಷಿಗೆ ಕೊಟ್ಟ ಗುರುತು, ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಮುಂದಿನ ಎರಡು ನಮ್ಮ ದೇಶದವು. ತಪ್ಪಿ 0806.10 ಎಂದು ಬರೆದರೆ ಅದು ಹಸಿದ್ರಾಕ್ಷಿಯಾಗುತ್ತದೆ, ಕಾಗದ ತಿದ್ದಿಸುವುದರಲ್ಲೇ ದಿನಗಳು ಹೋಗುತ್ತವೆ. ಫೈಟೊ ಬೇಕೋ ಬೇಡವೋ, ಅದರಲ್ಲಿ ಹೆಚ್ಚಿನ ಘೋಷಣೆ ಏನು ಬರೆಯಬೇಕು ಎಂಬುದು ಕೊಳ್ಳುವ ದೇಶದ ಮೇಲೆ ಹೋಗುತ್ತದೆ.

ಸಿಂಪರಣೆಯ ವಹಿಯನ್ನು ಹನ್ನೊಂದು ಜನರೂ ಬೇರೆಬೇರೆ ಇಡಬೇಕು: ತಾರೀಖು, ಔಷಧಿಯ ಹೆಸರು, ಪ್ರಮಾಣ, ಪ್ಲಾಟ್ ನಂಬರ್. ಸ್ಯಾಂಪಲ್ಲಿಗೆ ಮೇಲಿನ, ನಡುವಿನ, ಕೆಳಗಿನ ಬಲೆಯ ಮಾಲನ್ನು ಕಲಸದೆ ಒಂದೊಂದು ಕಿಲೋದಂತೆ ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ, ಒಳಗೆ ಚೀಟಿ ಹಾಕಿ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ; ತೇವಾಂಶ, ಗಂಧಕ, ಉಳಿಕೆ ಮೂರನ್ನೂ ಕೇಳಿ. ವರದಿ ಕೈಗೆ ಬರುವವರೆಗೆ ಯಾರ ಮಾಲನ್ನೂ ಇನ್ನೊಬ್ಬರ ಮಾಲಿನೊಂದಿಗೆ ಕೂಡಿಸಬೇಡಿ. ವರದಿ ಬಂದ ಮೇಲೆ ಅದರ ಫೋಟೊ ಇಲ್ಲಿ ಹಾಕಿದರೆ ಅಂಕಿಗಳನ್ನು ಕೂಡಿಯೇ ಓದೋಣ.