‘ಉತ್ತರಾಧಿಕಾರ’ ಕಥೆಯ ಲೇಖಕಿಗೆ

ನಮಸ್ಕಾರ. ಬೆಂಗಳೂರಿನಲ್ಲಿ ಇಲಿಗಳ ಮೇಲೆ ಸಂಶೋಧನೆ ನಡೆಸುವ ಪ್ರಯೋಗಾಲಯ, ನಿವೃತ್ತಿಗೆ ಬಂದ ಮುಖ್ಯಸ್ಥೆ, ಆಕೆಯ ಸ್ಥಾನಕ್ಕೆ ಇಬ್ಬರು ಶಿಷ್ಯೆಯರು. ವಸ್ತು ಹೊಸದು, ಭಾಷೆ ತಿಳಿಯಾಗಿದೆ. ಆದರೂ ಕಥೆಯನ್ನು ಹಿಂದಿರುಗಿಸುತ್ತಿದ್ದೇನೆ. ಎರಡು ವಾಕ್ಯಗಳು ನನ್ನನ್ನು ಕೆರಳಿಸಿವೆ.

ಮೊದಲನೆಯದು: “ಪಂಜರದ ಇಲಿಗಳು ಎಲ್ಲವನ್ನೂ ಮೌನವಾಗಿ ನೋಡುತ್ತಿದ್ದವು.” ಇದು ಪದ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ನಿಮ್ಮ ಜಗಳ ನಡೆಯುವುದು ಮಧ್ಯಾಹ್ನ. ಇಲಿ ರಾತ್ರಿ ಓಡಾಡುವ ಜೀವಿ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂದು ನಿಗದಿಯಾದ ಕೋಣೆಯಲ್ಲಿ ದೀಪ ಉರಿಯುವಾಗ ಅವು ಬಹುಪಾಲು ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಮೌನವೂ ನಿಜವಲ್ಲ. ಗೂಡಿನಿಂದ ಹೊರಬಿದ್ದ ಮರಿ ಮನುಷ್ಯರ ಕಿವಿಗೆ ನಿಲುಕದ ಸ್ವರದಲ್ಲಿ ಕೂಗುತ್ತದೆ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಇಂಗ್ಲೆಂಡಿನ ಹಾರ್ವೆಲ್‌ನ ಸಂಶೋಧನಾ ಕೇಂದ್ರದಲ್ಲಿದ್ದ ತಳಿವಿಜ್ಞಾನಿ ಮೇರಿ ಲಯನ್ ಹೆಣ್ಣಿಲಿಗಳ ತುಪ್ಪಳದ ಬಣ್ಣದ ಮಚ್ಚೆಗಳನ್ನು ಗಮನಿಸಿದ್ದರು. ಅದರ ಆಧಾರದ ಮೇಲೆ, ಹೆಣ್ಣಿನ ಜೀವಕೋಶದಲ್ಲಿರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ನಿಷ್ಕ್ರಿಯವಾಗುತ್ತದೆ ಎಂದು 1961ರಲ್ಲಿ ಪ್ರತಿಪಾದಿಸಿದರು. ಮರುವರ್ಷ ಅಲ್ಲಿನ ತಳಿವಿಜ್ಞಾನ ವಿಭಾಗದ ಹೊಣೆ ಅವರಿಗೆ ಬಂತು. ನಿಮ್ಮ ಮುಖ್ಯಸ್ಥೆಗೂ ಅಂಥ ಕಣ್ಣು ಇರಬೇಕಲ್ಲವೇ? ಇಡೀ ಕಥೆಯಲ್ಲಿ ಆಕೆ ಒಂದು ಇಲಿಯನ್ನೂ ಕೈಗೆತ್ತಿಕೊಳ್ಳುವುದಿಲ್ಲ.

ಎರಡನೆಯದು: “ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಮಾತು ಪ್ರಯೋಗಾಲಯದಲ್ಲೂ ಸುಳ್ಳಾಗಲಿಲ್ಲ.” ಇಲ್ಲಿ ಹಸ್ತಪ್ರತಿಯನ್ನು ಕೆಳಗಿಟ್ಟು ಎದ್ದು ಹೋದೆ. ಇಬ್ಬರು ಗಂಡಸರು ಅದೇ ಹುದ್ದೆಗೆ ಬಡಿದಾಡಿದ್ದರೆ ಹೀಗೆ ಬರೆಯುತ್ತಿದ್ದಿರಾ? ಮುಂದಿನ ಸಾಲಿನಲ್ಲಿ ಹಿರಿಯಳ “ಕಣ್ಣುಗಳು ಅಸೂಯೆಯಿಂದ ಉರಿದವು”, ಅದರ ಮುಂದಿನದರಲ್ಲಿ ಕಿರಿಯಳು “ಸೆರಗಿನಿಂದ ಕಣ್ಣೊರೆಸಿಕೊಂಡಳು”. ಅವರು ಕಿತ್ತಾಡುತ್ತಿರುವುದು ಯಾವುದಕ್ಕೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಕುರ್ಚಿಗೆ ಎನ್ನುತ್ತೀರಿ. ಪ್ರಬಂಧದ ಲೇಖಕರ ಪಟ್ಟಿಯಲ್ಲಿ, ಸಾಮಾನ್ಯವಾಗಿ ಪ್ರಯೋಗಾಲಯದ ಮುಖ್ಯಸ್ಥರಿಗೆ ಸಲ್ಲುವ ಕೊನೆಯ ಸ್ಥಾನದಲ್ಲಿ ಯಾರ ಹೆಸರು? ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಹೋಗುವ ‘ಫಾರ್ಮ್ ಬಿ’ ಅರ್ಜಿಯಲ್ಲಿ, ಇಷ್ಟು ಇಲಿಗಳು ಬೇಕು ಎಂದು ಕಾರಣ ಕೊಟ್ಟು ರುಜು ಹಾಕುವವರು ಯಾರು? ಮುಖ್ಯಸ್ಥೆ ವರ್ಷಗಟ್ಟಲೆ ಬೆಳೆಸಿದ ತಳಿಗಳನ್ನು ಯಾರು ನೋಡಿಕೊಳ್ಳುತ್ತಾರೆ? ಇಲಿಯ ಬಸಿರು ಸುಮಾರು 20 ದಿನ. ಮೂರು ವಾರಕ್ಕೆ ಮರಿಗಳನ್ನು ತಾಯಿಯಿಂದ ಬಿಡಿಸಬೇಕು. ಜೋಡಿ ಮಾಡದೆ ಕೈಬಿಟ್ಟರೆ ಹೆಣ್ಣುಗಳಿಗೆ ವಯಸ್ಸಾಗಿ ತಳಿ ನಿಂತೇ ಹೋಗುತ್ತದೆ. ಇಲ್ಲವೇ, ತಳಿ ಮುಂದೆಂದಾದರೂ ಬೇಕಾಗಬಹುದೆಂದು ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪಂಜರಗಳನ್ನು ಖಾಲಿ ಮಾಡಬೇಕು. ಖಾಲಿ ಮಾಡುವುದೆಂದರೆ ಸಾಮಾನ್ಯವಾಗಿ ಕೊಲ್ಲುವುದು. ಗುರುವಿನ ತಳಿಯನ್ನು ಉಳಿಸಬೇಕೆನ್ನುವವಳೊಬ್ಬಳು, ಅದನ್ನು ನಿಲ್ಲಿಸಿ ತನ್ನದಕ್ಕೆ ಜಾಗ ಮಾಡಿಕೊಳ್ಳಬೇಕೆನ್ನುವವಳೊಬ್ಬಳು. ಇಬ್ಬರಲ್ಲೂ ನ್ಯಾಯವಿದೆ, ಇಬ್ಬರಲ್ಲೂ ಆಸೆಯಿದೆ. ಅಸೂಯೆಯನ್ನು ಹೊರಗಿನಿಂದ ತರುವ ಅಗತ್ಯವೇ ಇಲ್ಲ.

ನಾನು ಕೆಲಸ ಕಲಿತ ಪತ್ರಿಕೆಯ ಸಂಪಾದಕಿ, ನನ್ನ ಬರಹದಲ್ಲಿ ಯಾರಾದರೂ ಸಿಟ್ಟಾದರೆ, ಅತ್ತರೆ, ಅಂಚಿನಲ್ಲಿ ಹಸಿರು ಶಾಯಿಯಿಂದ ಬರೆಯುತ್ತಿದ್ದರು: “ಆಗ ಅವಳ ಕೈಯಲ್ಲಿ ಏನಿತ್ತು?” ಉತ್ತರ ಸಿಗುವವರೆಗೆ ಪುಟ ಮುಂದೆ ಹೋಗುತ್ತಿರಲಿಲ್ಲ. ತಮ್ಮ ನಂತರ ಯಾರು ಎಂದು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಬೆಳಿಗ್ಗೆ ಓದುಗರ ಪತ್ರಗಳ ಕಟ್ಟನ್ನು ನನ್ನ ಮೇಜು ದಾಟಿಸಿ ಪಕ್ಕದವಳ ಮುಂದಿಟ್ಟರು. ಅಷ್ಟೇ. ಅವಳ ಮೇಲೆ ನನಗೆ ದ್ವೇಷ ಹುಟ್ಟಲಿಲ್ಲ. ಸಂಜೆಯವರೆಗೂ ನಾನು ಲೆಕ್ಕ ಹಾಕುತ್ತಿದ್ದುದು, ಇನ್ನು ಮುಂದೆ ಯಾವ ಯಾವ ಪುಟಗಳು ನನ್ನ ಕೈಯಲ್ಲಿ ಉಳಿಯಬಹುದು ಎಂದು.

ಬೀಳ್ಕೊಡುಗೆ ಸಮಾರಂಭವನ್ನೂ ಅಲ್ಲಿನ ಕಣ್ಣೀರನ್ನೂ ತೆಗೆದುಹಾಕಿ. ಯಾವ ಪಂಜರಗಳನ್ನು ಖಾಲಿ ಮಾಡಬೇಕೆಂಬ ಪಟ್ಟಿ ಹಿಡಿದು ಮೂವರೂ ಕುಳಿತ ಒಂದು ಮಧ್ಯಾಹ್ನವನ್ನು ಬರೆಯಿರಿ. ಅಷ್ಟನ್ನೇ ಕಳುಹಿಸಿದರೂ ಸಾಕು, ಓದುತ್ತೇನೆ.

ಸಂಪಾದಕಿ